ಡಿ.ವಿ.ಜಿ.: ಪತ್ರಿಕಾಧರ್ಮ ಮತ್ತು ಸಂಸ್ಥಾನ ರಾಜಕಾರಣ

ಮೈಸೂರು ಸಂಸ್ಥಾನದಲ್ಲಿ 1908ರ ವೃತ್ತಪತ್ರಿಕಾ ಕಾನೂನು ಜಾರಿಗೆ ಬಂದಾಗ ಡಿ.ವಿ. ಗುಂಡಪ್ಪನವರು ಇಪ್ಪತ್ತೊಂದರ ತರುಣ. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿ, ಮೆಟ್ರಿಕ್ಯುಲೇಷನ್ ದಾಟಲಾಗದೆ, ಬೆಂಗಳೂರಿನಲ್ಲಿ ಪತ್ರಿಕಾವೃತ್ತಿಯನ್ನು ಹಿಡಿದ ಅವರಿಗೆ, ಪತ್ರಿಕೆಯ ಅಸ್ತಿತ್ವವು ಸರ್ಕಾರದ ಅನುಮತಿಗೆ ಅಧೀನವೆಂಬುದು ಆರಂಭದಲ್ಲೇ ಅರಿವಾಯಿತು.

1913ರಲ್ಲಿ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಆಗಿನ ದಿವಾನ ವಿಶ್ವೇಶ್ವರಯ್ಯನವರ ಸ್ನೇಹವು ಈ ಸಂಪಾದಕನಿಗೆ ಕಾನೂನಿಗಿಂತಲೂ ಸೂಕ್ಷ್ಮವಾದ ಪರೀಕ್ಷೆಯಾಗಿತ್ತು. ಅಧಿಕಾರದ ನಿರ್ಬಂಧವನ್ನು ವಿರೋಧಿಸುವುದಕ್ಕಿಂತ ಅದರ ಆದರದ ನಡುವೆ ಸ್ವತಂತ್ರವಾಗಿ ಉಳಿಯುವುದು ಕಷ್ಟ. ಸಂಸ್ಥಾನದ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಬೇಕೆಂಬ ವಾದವನ್ನು ಅವರು ಕೈಬಿಡಲಿಲ್ಲ. ಅರಸೊತ್ತಿಗೆಯನ್ನು ನಿರಾಕರಿಸಲೂ ಇಲ್ಲ. ಈ ಮಧ್ಯಮ ನಿಲುವನ್ನು ಅವರ ಮಿತಿಯೆಂದೂ ಪರಿಗಣಿಸಲು ಅವಕಾಶವಿದೆ.

1928ರಲ್ಲಿ ಬಾಗಲಕೋಟೆಯ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದ ಅವರು, ‘ವೃತ್ತಪತ್ರಿಕೆ’ ಗ್ರಂಥದ ಮೂಲಕ ಕನ್ನಡದಲ್ಲಿ ಈ ವೃತ್ತಿಯ ಶಾಸ್ತ್ರೀಯ ವಿವೇಚನೆಗೆ ತಳಹದಿ ಹಾಕಿದರು. ಮುಂದೆ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿ, ಅಲ್ಲಿನ ಅಧ್ಯಯನಗೋಷ್ಠಿಗಳಲ್ಲಿ ಕಿರಿಯರಿಗೆ ಗುರುವಾದರು. 1970ರಲ್ಲಿ ಸನ್ಮಾನವಾಗಿ ಬಂದ ನಿಧಿಯನ್ನೂ ಆ ಸಂಸ್ಥೆಗೇ ಅರ್ಪಿಸಿದರು.

1975ರಲ್ಲಿ ನಿಧನರಾದ ಡಿ.ವಿ.ಜಿ.ಯವರನ್ನು ಕನ್ನಡ ವಿಮರ್ಶೆಯು ಬಹುಮಟ್ಟಿಗೆ ‘ಕಗ್ಗ’ದ ಕವಿಯಾಗಿಯೇ ಕಂಡಿದೆ. ಆದರೆ ಅಧಿಕಾರದ ಸಮೀಪದಲ್ಲಿದ್ದೂ ಅದರ ಋಣಕ್ಕೆ ಒಳಗಾಗದಿರುವ ಪತ್ರಿಕಾಧರ್ಮವನ್ನು ಅವರು ಮೊದಲು ಬದುಕಿ, ಅನಂತರ ಬೋಧಿಸಿದರೆಂಬುದು ಗಮನಾರ್ಹ.