ಕಾಡಿನ ಹಾದಿಯನ್ನು ಬಲ್ಲ ಜಿಮ್ ಕಾರ್ಬೆಟ್

ಬದರಿ-ಕೇದಾರಗಳ ಯಾತ್ರೆ ಮಾಡಿ ಬಂದವರು ರುದ್ರಪ್ರಯಾಗವನ್ನು ಮರೆಯಲಾರರು. ಅಲಕನಂದಾ-ಮಂದಾಕಿನಿಗಳು ಕೂಡುವ ಆ ಪುಣ್ಯಸ್ಥಳದಲ್ಲಿ 1918ರಿಂದ 1926ರ ವರೆಗೆ ಸಂಜೆಯಾಯಿತೆಂದರೆ ಜನರು ಬಾಗಿಲಿಗೆ ಅಗಳಿ ಹಾಕಿ, ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದರು. ಒಂದೇ ಒಂದು ಚಿರತೆ ಅಲ್ಲಿ 125 ಮಂದಿಯನ್ನು ಕೊಂದಿತೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಆ ಪಿಡುಗನ್ನು ಕೊನೆಗಾಣಿಸಿದವರು ಜಿಮ್ ಕಾರ್ಬೆಟ್. ಅವರನ್ನು ಗುರಿಕಾರರೆಂದು ಹೊಗಳುವವರು ಬಹಳ. ಆದರೆ ಕಾಡುಮೃಗಗಳು ನಡೆಯುವ ಹಾದಿಯನ್ನು ಅರಿತುದೇ ಅವರ ನಿಜವಾದ ಹಿರಿಮೆಯೆಂದು ನಾವು ಭಾವಿಸುತ್ತೇವೆ.

ಕಾರ್ಬೆಟ್ಟರು 1875ರ ಜುಲೈ 25ರಂದು ನೈನಿತಾಲದಲ್ಲಿ ಜನಿಸಿದರು. ತಂದೆ ಅಲ್ಲಿನ ಪೋಸ್ಟ್ ಮಾಸ್ತರರು. ಸಂಸಾರ ದೊಡ್ಡದು, ಮಗನು ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಬೇಸಗೆಯಲ್ಲಿ ನೈನಿತಾಲದ ಬೆಟ್ಟ, ಚಳಿಗಾಲದಲ್ಲಿ ತಪ್ಪಲಿನ ಕಾಲಾಢೂಂಗಿ, ಹೀಗೆ ಎರಡು ಕಡೆ ಕುಟುಂಬದ ವಾಸ. ಬೆಟ್ಟದ ಜನರೂ ಚಳಿಗೆ ಅಂಜಿ ದನಕರುಗಳೊಡನೆ ತಪ್ಪಲಿಗೆ ಇಳಿಯುತ್ತಿದ್ದರು. ಋತುವಿಗೆ ತಕ್ಕಂತೆ ನೆಲೆ ಬದಲಿಸುವ ಆ ಸೀಮೆಯಲ್ಲಿಯೇ ಬಾಲಕನು ಹೆಜ್ಜೆಗುರುತುಗಳನ್ನೂ ಹಕ್ಕಿಗಳ ಕೂಗನ್ನೂ ಓದಲು ಕಲಿತನು.

ಹದಿಹರೆಯದಲ್ಲಿಯೇ ಹೊಟ್ಟೆಪಾಡಿಗಾಗಿ ರೈಲ್ವೆಯನ್ನು ಸೇರಬೇಕಾಯಿತು. ಉಗಿಯಂತ್ರಗಳಿಗೆ ಸೌದೆ ಕಡಿಸುವುದು ಮೊದಲ ಕೆಲಸ. ಕಾಡನ್ನು ಪ್ರೀತಿಸಿದ ಕೈಯೇ ಕಾಡನ್ನು ಕಡಿಸಬೇಕಾಗಿ ಬಂದಿತು! ಅನಂತರ ಬಿಹಾರದ ಮೊಕಾಮೆಘಾಟಿನಲ್ಲಿ ಸರಕು ಸಾಗಿಸುವ ಗುತ್ತಿಗೆ ಹಿಡಿದು, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಗಂಗೆಯ ದಡದಲ್ಲಿ ದುಡಿದರು. ಆರಂಭದ ದಿನಗಳಲ್ಲಿ ಕೂಲಿಗಳ ಜತೆಗೆ ತಾವೂ ಬುಟ್ಟಿ ಹಿಡಿದು ಕಲ್ಲಿದ್ದಲು ಹೊತ್ತರು.

ಈ ದೂರದ ದುಡಿಮೆಯ ಕಾಲದಲ್ಲಿಯೇ, 1907ರಲ್ಲಿ, ತಮ್ಮ ಕುಮಾವೂಂ ಸೀಮೆಯ ಚಂಪಾವತದಲ್ಲಿ ಅವರು ಮೊದಲನೆಯ ನರಭಕ್ಷಕ ಹುಲಿಯನ್ನು ಕೊಂದರು. ಹಳೆಯ ಗುಂಡೇಟಿನಿಂದ ಕೋರೆಹಲ್ಲು ಮುರಿದಿದ್ದ ಆ ಹೆಣ್ಣುಹುಲಿ ನೇಪಾಳದಲ್ಲಿ ಸುಮಾರು 200 ಜನರನ್ನು ಕೊಂದಿತ್ತು. ಅಲ್ಲಿಯವರು ಅಟ್ಟಿದಾಗ ಅದು ಗಡಿ ದಾಟಿ ಕುಮಾವೂಂಗೆ ಬಂದಿತು. ಒಟ್ಟು ಬಲಿ 436. ಗಾಯಗೊಂಡ ಮೃಗವನ್ನು ಅಟ್ಟಿದ ಮಾತ್ರಕ್ಕೆ ಕೇಡು ತೊಲಗದು, ನೆರೆಯವನ ಮನೆಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ರುದ್ರಪ್ರಯಾಗದ ಚಿರತೆಯ ಓಡಾಟ ಸುಮಾರು 500 ಚದರ ಮೈಲಿಗಳಷ್ಟು. 1918ರ ಇನ್‌ಫ್ಲುಯೆಂಜಾದಲ್ಲಿ ಸುಡಲು ಜನವಿಲ್ಲದೆ ಕಣಿವೆಗೆ ಎಸೆದ ಹೆಣಗಳೇ ಅದಕ್ಕೆ ಮನುಷ್ಯಮಾಂಸದ ರುಚಿ ಹತ್ತಿಸಿದವೆಂದು ಕಾರ್ಬೆಟ್ಟರ ನಿರ್ಣಯ. ಅದು ಯಾತ್ರಿಕರು ನಡೆಯುವ ದಾರಿಯಲ್ಲಿಯೇ ನಡೆಯುತ್ತಿತ್ತು. ಅಲಕನಂದೆಯ ಸೆಳವನ್ನು ಈಜದೆ, ಮನುಷ್ಯರು ಕಟ್ಟಿದ ತೂಗುಸೇತುವೆಗಳ ಮೇಲೆಯೇ ಇರುಳಿನಲ್ಲಿ ನದಿ ದಾಟುತ್ತಿತ್ತು. ಇದನ್ನು ಮನಗಂಡ ಕಾರ್ಬೆಟ್ಟರು ಛಾತ್ವಾಪೀಪಲದ ಸೇತುವೆಯನ್ನು ರಾತ್ರಿ ಮುಚ್ಚಿಸಿ, ರುದ್ರಪ್ರಯಾಗದ ಸೇತುವೆಯ ಗೋಪುರವೇರಿ ಇಪ್ಪತ್ತು ರಾತ್ರಿ ಕಾದರು. ಚಿರತೆ ಬರಲಿಲ್ಲ. ಮತ್ತೆ ಮರುವರ್ಷ ಬಂದು, ಗುಲಾಬರಾಯಿಯಲ್ಲಿ ಯಾತ್ರೆಯ ದಾರಿಯ ಪಕ್ಕದ ಮಾವಿನ ಮರವೇರಿ ಕುಳಿತರು. ಕೆಳಗೆ ಕಟ್ಟಿದ ಮೇಕೆಯ ಕೊರಳ ಗಂಟೆ ನುಡಿಯಿತು. 1926ರ ಮೇ ಮೊದಲ ವಾರದ ಆ ರಾತ್ರಿ ಚಿರತೆ ತನ್ನ ಹಾದಿಯಲ್ಲಿಯೇ ಮಡಿಯಿತು.

ಕ್ರಮೇಣ ಕಾರ್ಬೆಟ್ಟರು ಬಂದೂಕಿಗಿಂತ ಕ್ಯಾಮೆರಾವನ್ನೇ ಹೆಚ್ಚಾಗಿ ಹಿಡಿದರು. ತಮ್ಮ ಛೋಟೀ ಹಲ್ದ್ವಾನಿಯ ರೈತರ ಬೆಳೆಯನ್ನು ಮೃಗಗಳಿಂದ ಉಳಿಸಲು ಊರ ಸುತ್ತ ಕಲ್ಲಿನ ಗೋಡೆ ಕಟ್ಟಿಸಿದವರೂ ಅವರೇ, ಮೃಗಗಳಿಗೊಂದು ಆಶ್ರಯವಿರಬೇಕೆಂದು ಹೋರಾಡಿದವರೂ ಅವರೇ. 1936ರಲ್ಲಿ ರಾಮಗಂಗೆಯ ತೀರದಲ್ಲಿ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. 1947ರಲ್ಲಿ ಅವರು ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ತೆರಳಿ, 1955ರ ಏಪ್ರಿಲ್ 19ರಂದು ಅಲ್ಲಿಯೇ ನಿಧನ ಹೊಂದಿದರು. 1957ರಲ್ಲಿ ಆ ಉದ್ಯಾನಕ್ಕೆ ಅವರ ಹೆಸರನ್ನಿಡಲಾಯಿತು. 1973ರಲ್ಲಿ ಹುಲಿ ಯೋಜನೆಯೂ ಅಲ್ಲಿಂದಲೇ ಆರಂಭವಾಯಿತು.

ಅವರ ಬಳಿಕ ಭೂಮಿಯ ರೂಪ ಮತ್ತೆ ಬದಲಾಗಿದೆ. ಕಾಲಾಗಢದಲ್ಲಿ ರಾಮಗಂಗೆಗೆ ಕಟ್ಟಿದ ಅಣೆಕಟ್ಟಿನಿಂದ ಉದ್ಯಾನದ ಹುಲ್ಲುಗಾವಲಿನ ಬಹುಭಾಗ ಮುಳುಗಿತು. ಆದರೂ ಬೇಸಗೆಯಲ್ಲಿ ನೀರು ಇಳಿದು ದಡದಲ್ಲಿ ಹಸಿಹುಲ್ಲು ಚಿಗುರಿದೊಡನೆ ಆನೆಗಳ ಹಿಂಡು ಅಲ್ಲಿಗೆ ಮೇಯಲು ಬರುತ್ತವೆ. ಪೂರ್ವದಂಚಿನಲ್ಲಿ ಕೋಸೀ ನದಿಗೆ ಇಳಿಯುವ ಮೃಗಗಳಿಗೆ ಮಾತ್ರ ಇಂದು ಹೆದ್ದಾರಿಯೂ ಪ್ರವಾಸಿಗಳ ವಸತಿಗೃಹಗಳ ಸಾಲೂ ಅಡ್ಡ ನಿಂತಿವೆ. ನಾವು ಹುಲ್ಲು ಬೆಳೆಯಲು ಬಿಟ್ಟರೆ ಅವು ಹೊಂದಿಕೊಂಡಾವು. ದಾರಿಯನ್ನೇ ಕಟ್ಟಿದರೆ ಎಲ್ಲಿಗೆ ಹೋದಾವು?

ಮಳೆಗಾಲದಲ್ಲಿ ಘಟ್ಟ ಕುಸಿದು ಊರಿನ ಹಾದಿ ಮುಚ್ಚಿತೆಂಬ ಸುದ್ದಿ ಕೇಳಿದಾಗ, ಪರಊರಿನಲ್ಲಿ ದುಡಿಯುವ ನಮ್ಮ ಎದೆ ಹೇಗೆ ಕುಗ್ಗುತ್ತದೆಂಬುದನ್ನು ನಾವು ಬಲ್ಲೆವು. ನೀರಿಗೂ ಮೇವಿಗೂ ಹೊರಟ ಮೂಕಪ್ರಾಣಿಗೆ ಆ ದಾರಿಯಷ್ಟೇ ಬದುಕು. ಅದನ್ನು ತೆರೆದಿಡುವುದೇ ಕಾರ್ಬೆಟ್ಟರಿಗೆ ನಾವು ಸಲ್ಲಿಸಬಹುದಾದ ಗೌರವ.