ಬರದ ಮಣ್ಣಿನ ಮೇಲೆ ಹಳಿ ಹಾಸಿದ ದಿವಾನ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ರಾಮನಗರ, ಚನ್ನಪಟ್ಟಣ ದಾಟಿದಾಗೆಲ್ಲ ನನಗೆ ದಿವಾನ್ ರಂಗಾಚಾರ್ಲು ನೆನಪಾಗ್ತಾರೆ. ಈ ಹಳಿಯ ಕೆಳಗಿನ ಮಣ್ಣು ಹೊತ್ತವರು ಬರಗಾಲದಲ್ಲಿ ಹಸಿದ ಜನ ಅನ್ನೋದು ನಮಗೆ ಮರೆತೇಹೋಗಿದೆ.

1831ರಲ್ಲಿ ಚೆಂಗಲ್ಪಟ್ಟು ಸೀಮೆಯಲ್ಲಿ ಹುಟ್ಟಿದ ಸಿ.ವಿ. ರಂಗಾಚಾರ್ಲು ಮದ್ರಾಸ್ ಸರ್ಕಾರದ ನೌಕರಿಯಲ್ಲಿದ್ದವರು. 1868ರಲ್ಲಿ ಅರಮನೆಯ ಲೆಕ್ಕಪತ್ರ ಸರಿಮಾಡಲು ಮೈಸೂರಿಗೆ ಬಂದರು. ಎಂಟೇ ವರ್ಷಕ್ಕೆ ಮಹಾಕ್ಷಾಮ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷವೂ ಇರಲಿಲ್ಲ.

ಧಾನ್ಯ ಇರಲೇ ಇಲ್ಲವಾ? ಇತ್ತು. 1864ರಲ್ಲೇ ಬೆಂಗಳೂರಿಗೆ ಮದ್ರಾಸ್ ಕಡೆಯಿಂದ ರೈಲು ಬಂದಿತ್ತು. ಆದರೆ ಅಲ್ಲಿಂದ ಒಳನಾಡಿಗೆ ಸಾಗಿಸಲು ಇದ್ದದ್ದು ಎತ್ತಿನ ಗಾಡಿ ಮಾತ್ರ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಮೂಟೆಗಳು ಒಂದು ಕಡೆ, ಹಸಿದವರು ಇನ್ನೊಂದು ಕಡೆ.

ಆಗ ಕ್ಷಾಮ ಪರಿಹಾರದ ಕೂಲಿ ಕೆಲಸವಾಗಿ ಬೆಂಗಳೂರು–ಮೈಸೂರು ರೈಲುದಾರಿಗೆ ಮಣ್ಣು ಹಾಕಿಸಲಾಯಿತು. 1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು, ರಂಗಾಚಾರ್ಲು ದಿವಾನರಾದರು. ಅಧಿಕಾರದ ಜೊತೆಗೇ ಬಂದದ್ದು ಕ್ಷಾಮ ಬಿಟ್ಟುಹೋದ 80 ಲಕ್ಷ ರೂಪಾಯಿ ಸಾಲ. ದುಡ್ಡಿಲ್ಲ ಅಂತ ಕಾಮಗಾರಿ ನಿಲ್ಲಿಸಿದ್ದರೆ ಯಾರೂ ಬೈಯುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. ಮುಂದಿನ ಬರದಲ್ಲಿ ಧಾನ್ಯ ಒಳನಾಡು ತಲುಪಬೇಕು, ಒಳ್ಳೆಯ ವರ್ಷದಲ್ಲಿ ರೈತನ ಬೆಳೆ ಪೇಟೆ ತಲುಪಬೇಕು. ಎರಡಕ್ಕೂ ರೈಲು ಬೇಕಿತ್ತು.

ಅದೇ ಅಕ್ಟೋಬರ್‌ನಲ್ಲಿ ರೈತರು, ವರ್ತಕರು ಸೇರಿದ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಕರೆದರು. ಅದಕ್ಕೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ನಿಜ. ಆದರೂ ಸರ್ಕಾರ ಏನು ಮಾಡ್ತಿದೆ ಅಂತ ಜನರ ಮುಂದೆ ಹೇಳುವ ಪದ್ಧತಿ ಶುರುವಾಯಿತು. 1882ರ ಫೆಬ್ರವರಿಯಲ್ಲಿ, ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರ ಮತ್ತು ಚನ್ನಪಟ್ಟಣದ ಮೇಲೆ ಹಾದು ರೈಲು ಮೈಸೂರು ಮುಟ್ಟಿತು. ಮರುವರ್ಷ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ದಿವಾನರಾಗಿ ಎರಡು ವರ್ಷವೂ ತುಂಬಿರಲಿಲ್ಲ.

ಅವರನ್ನು ದೇವರು ಮಾಡಬೇಕಿಲ್ಲ. ಆ ಹಳಿ ಮಾಗಡಿ, ಕನಕಪುರಗಳನ್ನು ಪಕ್ಕಕ್ಕೆ ಬಿಟ್ಟು ಹೋಯಿತು. 140 ವರ್ಷ ದಾಟಿದರೂ ಆ ಎರಡು ಪಟ್ಟಣಗಳಲ್ಲಿ ರೈಲು ನಿಲ್ದಾಣ ಇಲ್ಲ. ಅದು ರಂಗಾಚಾರ್ಲು ತಪ್ಪಲ್ಲ, ಆಮೇಲೆ ಬಂದವರದ್ದು.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದಲೇ ಸಾಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು. ಹಳೇ ರಸ್ತೆಯ ಬೊಂಬೆ ಅಂಗಡಿ, ತಟ್ಟೆ ಇಡ್ಲಿ ಹೋಟೆಲುಗಳ ವ್ಯಾಪಾರ ಕುಸಿಯಿತು. ಎಂಜಿನಿಯರಿಂಗ್ ಓದಿದ ನನಗೂ ಮೊದಲು ಕಾಣೋದು ಉಳಿದ ನಿಮಿಷಗಳೇ. ರಂಗಾಚಾರ್ಲು ಕಾಲದ ಕ್ಷಾಮ ಕಲಿಸಿದ ಲೆಕ್ಕ ಬೇರೆ: ದಾರಿ ಎಲ್ಲಿ ನಿಲ್ಲುತ್ತೆ, ಅಲ್ಲಿ ಯಾರು ಏನನ್ನು ಹತ್ತಿಸ್ತಾರೆ, ಏನನ್ನು ಇಳಿಸಿಕೊಳ್ತಾರೆ? ಮುಂದಿನ ಯೋಜನಾ ವರದಿ ಮೇಜಿಗೆ ಬಂದಾಗ ಕನಕಪುರ, ಮಾಗಡಿಯ ಜನ ಕೇಳಬೇಕಾದ ಮೊದಲ ಪ್ರಶ್ನೆ ಇದೇ.