ಪ್ರೊ. ಪ್ರಶಾಂತ ಚಂದ್ರ ಮಹಲನೋಬಿಸ್ (1893–1972)

ಭಾರತದ ಸಂಖ್ಯಾಶಾಸ್ತ್ರದ ಪಿತಾಮಹರೆಂದು ಗೌರವಿಸಲ್ಪಡುವ ಪ್ರೊ. ಪ್ರಶಾಂತ ಚಂದ್ರ ಮಹಲನೋಬಿಸ್‌ರವರು ಸಂಖ್ಯಾಶಾಸ್ತ್ರದಲ್ಲಿ ಯಾವ ಪದವಿಯನ್ನೂ ಪಡೆದವರಲ್ಲ. ಅವರ ವಿದ್ಯಾರ್ಥಿ ದೆಸೆಯಲ್ಲಿ ದೇಶದ ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಅಂತಹ ಪದವಿ ಇರಲಿಲ್ಲ. ಇಂದು ಪ್ರವೇಶ ಅರ್ಜಿಯಲ್ಲಿ ಇತರೆ ವಿಷಯಗಳ ಸಾಲಿನಲ್ಲಿ ಕಾಣಸಿಗುವ ಸ್ನಾತಕೋತ್ತರ ಸಂಖ್ಯಾಶಾಸ್ತ್ರವು ಪ್ರತ್ಯೇಕ ವ್ಯಾಸಂಗವಾಗಿ ರೂಪುಗೊಳ್ಳಲು ಅವರ ಸುಮಾರು ಇಪ್ಪತ್ತೈದು ವರ್ಷಗಳ ದುಡಿಮೆ ಬೇಕಾಯಿತು.

ಶ್ರೀಯುತರು 1893ರ ಜೂನ್ 29ರಂದು ಕಲ್ಕತ್ತಾ ನಗರದ ಬ್ರಹ್ಮಸಮಾಜದ ಕುಟುಂಬವೊಂದರಲ್ಲಿ ಜನಿಸಿದರು. 1912ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದು, ಮರುವರ್ಷ ಲಂಡನ್ ವಿಶ್ವವಿದ್ಯಾನಿಲಯವನ್ನು ಸೇರುವ ಉದ್ದೇಶದಿಂದ ಇಂಗ್ಲೆಂಡಿಗೆ ತೆರಳಿದರು. ಒಂದು ದಿನ ಕೇಂಬ್ರಿಡ್ಜ್ ನೋಡಲು ಹೋದವರಿಗೆ ಲಂಡನ್ನಿಗೆ ಮರಳುವ ಕೊನೆಯ ರೈಲು ತಪ್ಪಿತು. ಆ ರಾತ್ರಿ ಸ್ನೇಹಿತರಲ್ಲಿ ತಂಗಿ, ಅವರ ಸಲಹೆಯಂತೆ ಕಿಂಗ್ಸ್ ಕಾಲೇಜಿನಲ್ಲಿ ಪ್ರಯತ್ನಿಸಿ ಪ್ರವೇಶ ಪಡೆದರು. ಅಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ವ್ಯಾಸಂಗ ಮಾಡುವಾಗ ಶ್ರೀನಿವಾಸ ರಾಮಾನುಜನ್‌ರವರ ಸ್ನೇಹವೂ ಲಭಿಸಿತು.

1915ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಕಾಲೇಜಿನ ಬೋಧಕರೊಬ್ಬರು ಬಯೋಮೆಟ್ರಿಕಾ ಎಂಬ ಪತ್ರಿಕೆಯತ್ತ ಅವರ ಗಮನ ಸೆಳೆದರು. ಅದರ ಸಂಪುಟಗಳನ್ನೆಲ್ಲ ಖರೀದಿಸಿದ ಅವರು ಹಡಗಿನಲ್ಲಿಯೇ ಓದಲು ತೊಡಗಿದರು. ಅವರ ಸಂಖ್ಯಾಶಾಸ್ತ್ರದ ಶಿಕ್ಷಣ ಆರಂಭವಾದದ್ದು ಹೀಗೆ. ಅಲ್ಪಾವಧಿಯ ರಜೆಗೆಂದು ಬಂದವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ನಿಂತರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳ ವಿಶ್ಲೇಷಣೆಯ ಮೂಲಕ ಈ ಶಾಸ್ತ್ರವನ್ನು ಬಳಸುವ ಮೊದಲ ಅವಕಾಶ ದೊರೆಯಿತು.

ಈ ಶಾಸ್ತ್ರದಿಂದ ಜನಸಾಮಾನ್ಯರಿಗೆ ಆಗುವ ಪ್ರಯೋಜನವೇನು ಎಂಬುದಕ್ಕೆ 1926ರ ಒರಿಸ್ಸಾದ ಪ್ರವಾಹವು ಉತ್ತಮ ನಿದರ್ಶನವಾಗಿದೆ. ಬ್ರಾಹ್ಮಣಿ ನದಿಯ ಪಾತ್ರವು ಮೇಲೇರಿರುವುದರಿಂದ ದಂಡೆಯ ಒಡ್ಡುಗಳನ್ನು ಎತ್ತರಿಸಬೇಕೆಂದು ಇಂಜಿನಿಯರುಗಳು ಅಭಿಪ್ರಾಯಪಟ್ಟಿದ್ದರು. ಮಹಲನೋಬಿಸ್‌ರವರು ಹಲವು ದಶಕಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆಗಳನ್ನು ಪರಿಶೀಲಿಸಿ, ಪಾತ್ರವು ಏರಿಲ್ಲ, ಜಲಾನಯನ ಪ್ರದೇಶದಲ್ಲಿ ಬಿದ್ದ ಅಧಿಕ ಮಳೆಯೇ ಪ್ರವಾಹಕ್ಕೆ ಕಾರಣ ಎಂದು ತೋರಿಸಿದರು. ಒಡ್ಡುಗಳನ್ನು ಎತ್ತರಿಸಿದ್ದರೆ ಹಣವೂ ವ್ಯಯವಾಗುತ್ತಿತ್ತು, ನದಿತೀರದ ಜನರ ಅಪಾಯವೂ ತಪ್ಪುತ್ತಿರಲಿಲ್ಲ.

ಆದರೆ ಇಂತಹ ಕಾರ್ಯಕ್ಕೆ ತರಬೇತಿ ಪಡೆದವರು ಎಲ್ಲಿಂದ ಬರಬೇಕು? ಪ್ರೆಸಿಡೆನ್ಸಿ ಕಾಲೇಜಿನ ತಮ್ಮ ಕೊಠಡಿಯನ್ನೇ ಅವರು ಸಂಖ್ಯಾಶಾಸ್ತ್ರದ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದ್ದರು. 1931ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ರೂಪುಗೊಂಡಿತು. ಮೊದಲ ವರ್ಷದ ಒಟ್ಟು ವೆಚ್ಚ ಕೇವಲ ರೂ. 238. ಜ್ಯಾಮಿತಿಯಲ್ಲಿ ಪಾಂಡಿತ್ಯವಿದ್ದ ಕಾಲೇಜು ಅಧ್ಯಾಪಕ ರಾಜ್ ಚಂದ್ರ ಬೋಸ್‌ರವರನ್ನು ಅವರ ಮನೆಗೇ ತೆರಳಿ ಮಹಲನೋಬಿಸ್‌ರವರು ಆಹ್ವಾನಿಸಿದರು. ಬೋಸ್‌ರವರಿಗೆ ಆಗ ಸಂಖ್ಯಾಶಾಸ್ತ್ರದ ಪರಿಚಯವಿರಲಿಲ್ಲ. ಸಂಸ್ಥೆಗೆ ಬಂದ ನಂತರವೇ ಅದನ್ನು ಕಲಿತ ಅವರು ಮುಂದೆ ಅಂತರರಾಷ್ಟ್ರೀಯ ಖ್ಯಾತಿ ಪಡೆದರು. 1933ರಲ್ಲಿ ಸಂಸ್ಥೆಯ ಪತ್ರಿಕೆ ಸಂಖ್ಯಾ ಆರಂಭವಾಯಿತು.

ಅಂತಿಮವಾಗಿ 1941ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿಭಾಗವನ್ನು ತೆರೆಯಿತು. ಇದು ದೇಶದಲ್ಲಿಯೇ ಮೊದಲನೆಯದು. ಮಹಲನೋಬಿಸ್‌ರವರು ಅದರ ಗೌರವ ಮುಖ್ಯಸ್ಥರಾದರು. ಆ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ.ಆರ್. ರಾವ್. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿ ಕೆಲಸವನ್ನರಸಿ ಕಲ್ಕತ್ತಾಗೆ ಬಂದಿದ್ದ ಅವರು, ಅದೇ ವರ್ಷ ಸಂಸ್ಥೆಯ ತರಬೇತಿಗೆ ಸೇರಿದ್ದರು. 1943ರಲ್ಲಿ ದಾಖಲೆಯ ಅಂಕಗಳೊಂದಿಗೆ ಉತ್ತೀರ್ಣರಾದ ಅವರು, ಎರಡೇ ವರ್ಷಗಳಲ್ಲಿ ತಮ್ಮ ಹೆಸರಿನಿಂದಲೇ ಕರೆಯಲ್ಪಡುವ ಅಸಮತೆಯನ್ನು ಪ್ರಕಟಿಸಿದರು.

ಮಹಲನೋಬಿಸ್‌ರವರ ಸ್ವಂತ ಸಂಶೋಧನೆಗಳಲ್ಲಿ 1936ರ ಡಿ-ವರ್ಗ ಎಂಬ ಅಂತರಮಾಪನವು ಪ್ರಮುಖವಾದುದು. ಎರಡು ಜನಸಮುದಾಯಗಳ ದೇಹದ ಅಳತೆಗಳನ್ನು ಹೋಲಿಸುವಾಗ, ಒಂದಕ್ಕೊಂದು ಸಂಬಂಧವುಳ್ಳ ಅಳತೆಗಳು ಒಂದೇ ವ್ಯತ್ಯಾಸವನ್ನು ಎರಡು ಬಾರಿ ಎಣಿಸಿದಂತೆ ಮಾಡುತ್ತವೆ. ಆ ದೋಷವನ್ನು ಈ ವಿಧಾನವು ನಿವಾರಿಸುತ್ತದೆ. ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಅಂದಾಜಿಸಲು 1937ರಿಂದ ಕೈಗೊಂಡ ಮಾದರಿ ಸಮೀಕ್ಷೆಗಳಲ್ಲಿ, ಒಂದೇ ಪ್ರದೇಶಕ್ಕೆ ಎರಡು ಪ್ರತ್ಯೇಕ ಮಾದರಿಗಳನ್ನು ಆರಿಸಿ ಬೇರೆ ಬೇರೆ ತಂಡಗಳಿಂದ ಅಳೆಸುವ ಕ್ರಮವನ್ನು ಅವರು ರೂಢಿಗೆ ತಂದರು. ಎರಡರ ಫಲಿತಾಂಶಗಳಲ್ಲಿ ಹೆಚ್ಚು ಅಂತರ ಕಂಡುಬಂದಲ್ಲಿ ದೋಷವಿದೆಯೆಂದು ತಿಳಿಯುತ್ತಿತ್ತು. ಈ ಅನುಭವವೇ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಬುನಾದಿಯಾಯಿತು.

1945ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದ ಅವರು, 1955ರಿಂದ 1967ರವರೆಗೆ ಯೋಜನಾ ಆಯೋಗದ ಸದಸ್ಯರಾಗಿ ಸೇವೆ ಸಲ್ಲಿಸಿದರು. ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡು ಅವರಿಂದ ಸಿದ್ಧವಾಯಿತು. 1959ರ ಸಂಸತ್ತಿನ ಅಧಿನಿಯಮದ ಮೂಲಕ ಸಂಸ್ಥೆಯು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿತವಾಗಿ, ಸ್ವತಃ ಪದವಿ ನೀಡುವ ಅಧಿಕಾರ ಪಡೆಯಿತು. 1968ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

79ನೇ ಜನ್ಮದಿನಕ್ಕೆ ಒಂದು ದಿನವಿರುವಾಗ, 1972ರ ಜೂನ್ 28ರಂದು ಅವರು ನಿಧನರಾದರು. ಸಂಸ್ಥೆಯ ಬೆಂಗಳೂರು ಕೇಂದ್ರವು 1978ರಲ್ಲಿ ಆರಂಭವಾಯಿತು. 2007ರಿಂದ ಜೂನ್ 29ನ್ನು ರಾಷ್ಟ್ರೀಯ ಸಾಂಖ್ಯಿಕ ದಿನವನ್ನಾಗಿ ಆಚರಿಸಲಾಗುತ್ತಿದೆ.